ಮೇಷ್ಟರ ಪಾತ್ರ

ನಮ್ಮ ಆಲಂಕಾರಿಕರು ನಾಟಕದ ನಾಯಕನನ್ನು ಕುರಿತು ಬರೆದಷ್ಟು ವಿಸ್ತಾರವಾಗಿ ಮಿಕ್ಕ ಗಂಡು ಪಾತ್ರಗಳನ್ನು ಕುರಿತು ಬರೆದಿಲ್ಲ. ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಪ್ರಶಾಂತ ಎಂದು ನಾಯಕನಲ್ಲಿ ನಾಲ್ಕು ಭೇದಗಳನ್ನು ಹೇಳಿದರು. ಅವನ ಜತೆಗಾರರಾದ ಪೀಠಮರ್ದ, ವಿಟ, ವಿದೂಷಕರಿಗೂ ಲಕ್ಷಣವನ್ನು ಬರೆದರು. ಅಂತಃಪುರದ ಮುದಿ ಕಂಚುಕಿಗೂ ಒಂದು ಸ್ಥಾನವನ್ನು ಕೊಟ್ಟರು. ಆದರೆ ಜಗಲಿಯ ಮೇಲೆ ಕುಳಿತು ಮಗನು ಇನ್ನೂ ಬರಲಿಲ್ಲವೆಂದು ಬೀದಿಯ ಕಡೆ ನೋಡುವ ತಂದೆ, ತಂಗಿಯ ಮದುವೆಗಾಗಿ ಸಾಲ ಮಾಡುವ ಅಣ್ಣ, ಶಿಷ್ಯನ ಹುಡುಗಾಟಕ್ಕೆ ಊರವರಿಂದ ಮಾತು ಕೇಳುವ ಉಪಾಧ್ಯಾಯ, ಇವರಿಗೆಂದು ಆ ಪಂಕ್ತಿಯಲ್ಲಿ ಬೇರೆ ಮಣೆ ಹಾಕಿದಂತೆ ಕಾಣುವುದಿಲ್ಲ. ಇಂಥ ಪಾತ್ರಗಳಲ್ಲಿಯೇ ಸುಮಾರು ನಲವತ್ತು ವರ್ಷ ಬಾಳಿ, ಅವುಗಳಿಂದಲೇ ಕನ್ನಡಿಗರ ಮನೆಮನೆಯಲ್ಲಿಯೂ ಹಿರಿಯರೆನಿಸಿಕೊಂಡ ನಟರೊಬ್ಬರನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುಕಾಲದಿಂದ ಮನಸ್ಸಿನಲ್ಲಿದ್ದಿತು. ಅವರೇ ಕೆ. ಎಸ್. ಅಶ್ವತ್ಥ್. ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಚಾಮರಾಜನಗರ ಗುಂಡ್ಲುಪೇಟೆಗಳ ಶಾಲೆಗಳಲ್ಲಿ ಜೀವಮಾನವನ್ನು ಕಳೆದವನಿಗೆ ಚಲಚ್ಚಿತ್ರದ ನಟನಿಂದ ಏನಾಗಬೇಕು ಎಂದು ಕೆಲವು ವಾಚಕರು ಕೇಳಬಹುದು. ಆಗಬೇಕಾದದ್ದು ಉಂಟೆಂಬುದು ಮುಂದೆ ತಿಳಿಯುತ್ತದೆ.

ಲಕ್ಷಣಗ್ರಂಥಗಳು ಮರೆತದ್ದನ್ನು ಕವಿಗಳು ಮರೆಯಲಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಅಂಕಗಳು ಏಳು. ಕಣ್ವಮಹರ್ಷಿ ರಂಗಕ್ಕೆ ಬರುವುದು ನಾಲ್ಕನೆಯ ಅಂಕವೊಂದರಲ್ಲಿ ಮಾತ್ರ. ಬಂದು, ಸಾಕುಮಗಳನ್ನು ಗಂಡನ ಮನೆಗೆ ಕಳುಹಿಸಿಕೊಟ್ಟು, ಆಶ್ರಮಕ್ಕೆ ಹಿಂದಿರುಗುತ್ತಾನೆ; ಮತ್ತೆ ಕಾಣಿಸಿಕೊಳ್ಳುವುದಿಲ್ಲ. ಆದರೂ ಸಹೃದಯರು ಆ ನಾಟಕದ ಸಾರವನ್ನು ಹುಡುಕಿ ಹೋದಾಗಲೆಲ್ಲ ನಿಲ್ಲುವುದು ಆ ಅಂಕದ ಬಳಿಯಲ್ಲಿಯೇ. ಅರಮನೆಯ ನಾಟಕ ಮಂಡಳಿಯ ಕಾಲದಲ್ಲಿ ಬಸವಪ್ಪಶಾಸ್ತ್ರಿಗಳು ಅದನ್ನು ಕನ್ನಡಿಸಿದ ಮೇಲೆ ನಮ್ಮ ಮೈಸೂರು ಸೀಮೆಯ ಜನರೂ ರಂಗದ ಮೇಲೆ ಆ ಬೀಳ್ಕೊಡುಗೆಯನ್ನು ಕಂಡು ಕಣ್ಣೊರಸಿಕೊಂಡರು. ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ವಾತ್ಸಲ್ಯಕ್ಕೆ ಎಡೆಯಿರಲಿಲ್ಲ. ಎಷ್ಟೋ ಶತಮಾನಗಳು ಕಳೆದ ಮೇಲೆ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅದನ್ನು ರಸವೆಂದು ಒಪ್ಪಿದನು. ಶಾಸ್ತ್ರವು ಇಷ್ಟು ತಡವಾಗಿ ಒಪ್ಪಿದ ಈ ರಸವನ್ನು ಕನ್ನಡ ಚಿತ್ರರಂಗದಲ್ಲಿ ತಮ್ಮ ವೃತ್ತಿಯನ್ನಾಗಿ ಮಾಡಿಕೊಂಡವರು ಅಶ್ವತ್ಥರು.

ರಂಗಭೂಮಿಯಲ್ಲಿ ಪೋಷಕನಟನ ಬಾಳು ಹೇಗಿರುತ್ತದೆಂಬುದನ್ನು ನಮ್ಮ ಜಿಲ್ಲೆಯವರಿಗೆ ಬೇರೆ ಯಾರೂ ಹೇಳಬೇಕಾದುದಿಲ್ಲ. ಕೊಳ್ಳೇಗಾಲದ ಕಡೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಹೆಸರನ್ನು ಕೇಳದವರು ಇಲ್ಲಿ ಯಾರಿದ್ದಾರೆ? ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿದ್ದು ರೌದ್ರಪಾತ್ರಗಳಿಗೆ ಹೆಸರಾದವರು ಅವರು. ಧ್ವನಿವರ್ಧಕದ ನೆರವಿಲ್ಲದ ಆ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತವನಿಗೂ ಪಾತ್ರಧಾರಿಯ ಪ್ರತಿಯೊಂದು ಅಕ್ಷರವೂ ಕೇಳಬೇಕಾಗಿದ್ದಿತು. ಅವರ ಮಗ ಮುತ್ತುರಾಜನು ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜಕುಮಾರನಾದನು. ಮಗನ ಆ ಭಾಗ್ಯವನ್ನು ನೋಡಲು ತಂದೆ ಉಳಿದಿರಲಿಲ್ಲ. ಅವರ ಅಭಿನಯದ ಒಂದು ತುಣುಕಾದರೂ ಇಂದು ನಮಗೆ ನೋಡಲು ಸಿಕ್ಕದು. ಅವರನ್ನು ಕಂಡಿದ್ದವರ ನೆನಪಿನಲ್ಲಿ ಅದು ಇದ್ದಿತು, ಅವರೊಡನೆಯೇ ಹೋಯಿತು. ರಂಗದ ನಟನು ನೀರಿನ ಮೇಲೆ ಬರೆದವನು. ಚಿತ್ರದ ನಟನಿಗೆ ಈ ಭಯವಿಲ್ಲ. ಆದರೆ ಅವನಿಗೆ ಬೇರೊಂದು ಕಷ್ಟವುಂಟು. ಕ್ಯಾಮರಾ ಮೊಳದುದ್ದದ ಅಂತರದಲ್ಲಿ ನಿಂತು ಅವನ ರೆಪ್ಪೆಯನ್ನು ನೋಡುತ್ತದೆ. ಆರ್ಭಟವು ಅಲ್ಲಿ ಸಲ್ಲದು. ಆಂಗಿಕ, ವಾಚಿಕ, ಆಹಾರ್ಯಗಳನ್ನು ಹೇಗೋ ಸರಿಮಾಡಿಕೊಂಡು ಬರಬಹುದು; ಸಾತ್ತ್ವಿಕಾಭಿನಯದಲ್ಲಿ ಸುಳ್ಳು ಹೇಳಿದರೆ ಅಲ್ಲಿ ಕೂಡಲೇ ಸಿಕ್ಕಿಬೀಳಬೇಕಾಗುತ್ತದೆ.

ಅಶ್ವತ್ಥರು ೧೯೨೫ನೆಯ ಮಾರ್ಚ್ ೨೫ರಂದು ಜನಿಸಿದರು. ಹಾಸನ ಜಿಲ್ಲೆಯ ಹೊಳೆನರಸೀಪುರದ ಕಡೆಯ ಕರಗನಹಳ್ಳಿ ಅವರ ವಂಶದ ಊರು. ಹೆಸರಿನ ಮೊದಲನೆಯ ಅಕ್ಷರವು ಅದನ್ನೇ ಹೇಳುತ್ತದೆ. ಬೆಳೆದದ್ದು, ಓದಿದ್ದು, ಕೊನೆಯವರೆಗೂ ಮನೆ ಮಾಡಿಕೊಂಡಿದ್ದುದು ಮೈಸೂರಿನಲ್ಲಿ. ೧೯೪೨ರ ಚಳವಳಿಯ ಬಿಸಿ ಅವರ ವಿದ್ಯಾರ್ಥಿದಶೆಗೂ ತಾಕಿತು. ಬಳಿಕ ಆಹಾರ ಇಲಾಖೆಯಲ್ಲಿ ಸರ್ಕಾರಿ ಕೆಲಸ. ಅದರ ನಡುವೆ ಹವ್ಯಾಸೀ ನಾಟಕಗಳು, ಮೈಸೂರಿನ ಆಕಾಶವಾಣಿಯಲ್ಲಿ ರೇಡಿಯೋ ನಾಟಕಗಳು. ಆಕಾಶವಾಣಿ ಎಂಬ ಹೆಸರೇ ಮೈಸೂರಿನಲ್ಲಿ ಹುಟ್ಟಿದ್ದು. ೧೯೩೫ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಪ್ರಾರಂಭಿಸಿದ ಪ್ರಸಾರ ಕೇಂದ್ರಕ್ಕೆ ಅದೇ ಹೆಸರು ನಿಂತಿತು. ರೇಡಿಯೋ ನಾಟಕದಲ್ಲಿ ನಟನಿಗೆ ಮುಖವಿಲ್ಲ, ವೇಷವಿಲ್ಲ, ಕೈಯಿಲ್ಲ; ಇರುವುದು ಧ್ವನಿಯೊಂದೇ. ಆ ಶಾಲೆಯಲ್ಲಿ ಕಲಿತವರಿಗೆ ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಎಷ್ಟು ಮೌನವಿರಬೇಕೆಂಬ ಲೆಕ್ಕವು ಚೆನ್ನಾಗಿ ತಿಳಿದಿರುತ್ತದೆ. ಅಶ್ವತ್ಥರ ಧ್ವನಿಯಲ್ಲಿ ಒಂದು ಸಣ್ಣ ನಡುಕವಿದ್ದಿತು. ಕೋಪದ ಮಾತನ್ನು ಆಡುವಾಗಲೂ ಅದು ಬಿಡುತ್ತಿರಲಿಲ್ಲ. ಈತನು ಬೈಯುವುದು ಪ್ರೀತಿಯಿಂದಲೇ ಎಂಬುದು ಕೇಳುವವರಿಗೆ ಅದರಿಂದ ಗೊತ್ತಾಗುತ್ತಿದ್ದಿತು.

೧೯೫೫ರಲ್ಲಿ ಕೆ. ಸುಬ್ರಹ್ಮಣ್ಯಂ ಅವರು ನಿರ್ದೇಶಿಸಿದ ‘ಸ್ತ್ರೀರತ್ನ’ದಲ್ಲಿ ಅಶ್ವತ್ಥರು ನಾಯಕರಾಗಿ ಚಿತ್ರರಂಗವನ್ನು ಪ್ರವೇಶಿಸಿದರು. ಆದರೆ ನಾಯಕಪದವಿ ಬಹುಕಾಲ ನಿಲ್ಲಲಿಲ್ಲ. ಪೌರಾಣಿಕ ಚಿತ್ರಗಳ ನಾರದ, ಸಾಮಾಜಿಕ ಚಿತ್ರಗಳ ತಂದೆ, ಅಣ್ಣ, ಊರಿನ ಹಿರಿಯ, ಮನೆಯ ಸೇವಕ ಎಂದು ಕ್ರಮಕ್ರಮವಾಗಿ ಪಕ್ಕದ ಪಾತ್ರಗಳಿಗೆ ಸರಿದರು. ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ವಾಚಕರು ಗಮನಿಸಬೇಕು. ರಾಜಕುಮಾರರು ಹುಟ್ಟಿದ್ದು ೧೯೨೯ರಲ್ಲಿ. ಅಶ್ವತ್ಥರು ಅವರಿಗಿಂತ ಕೇವಲ ನಾಲ್ಕು ವರ್ಷ ಹಿರಿಯರು. ಹೀಗಿದ್ದೂ ರಾಜಕುಮಾರರು ತರುಣನಾಗಿ ಪ್ರೇಮಗೀತೆ ಹಾಡುತ್ತಿದ್ದ ಕಾಲದಲ್ಲಿ ಇವರು ತಲೆಗೆ ಬಿಳಿಯ ಬಣ್ಣ ಬಳಿದುಕೊಂಡು ಕೆಮ್ಮುತ್ತ ನಿಂತರು. ೧೯೭೧ರ ‘ಕಸ್ತೂರಿ ನಿವಾಸ’ದಲ್ಲಿ ರಾಜಕುಮಾರರು ಧಣಿ, ಅಶ್ವತ್ಥರು ಆ ಮನೆಯ ಹಳೆಯ ಆಳು ರಾಮಯ್ಯ. ಧಣಿಯು ದಾನ ಮಾಡಿ ಮಾಡಿ ಬರಿಗೈಯಾಗುತ್ತಾನೆ. ಅದನ್ನು ನೋಡುತ್ತ, ತಡೆಯಲಾರದೆ, ಬಿಟ್ಟು ಹೋಗಲೂ ಆರದೆ ನಿಲ್ಲುವುದೇ ರಾಮಯ್ಯನ ಕೆಲಸ. ದಾನಿಯ ಪಾತ್ರವನ್ನು ಜನ ಹೊಗಳಿದರು, ಹೊಗಳತಕ್ಕದ್ದೇ. ಆದರೆ ದಾನವು ಎಷ್ಟು ದುಬಾರಿಯಾಯಿತೆಂಬುದು ನಮಗೆ ತಿಳಿಯುವುದು ಪಕ್ಕದಲ್ಲಿ ನಿಂತವನ ಮುಖದಿಂದ. ಪೋಷಕನಟನೆಂಬ ಹೆಸರಿನ ಅರ್ಥ ಇದೇ ಎಂದು ನನಗೆ ತೋರುತ್ತದೆ. ಪೋಷಿಸುವುದೆಂದರೆ ತಾನು ಬೆಳೆಯುವುದಲ್ಲ, ಮತ್ತೊಂದನ್ನು ಬೆಳೆಸುವುದು.

ಹೀಗೆ ಸರಿದವರು ಇವರೊಬ್ಬರೇ ಅಲ್ಲ. ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರರ ನಾಯಿಕೆಯಾಗಿದ್ದ ಪಂಡರೀಬಾಯಿಯವರೇ ಮುಂದೆ ಅವರಿಗೆ ತಾಯಿಯಾದರು. ಪಂಡರೀಬಾಯಿ ಅಶ್ವತ್ಥರು ದಂಪತಿಗಳಾಗಿ ತೆರೆಯ ಮೇಲೆ ಕಾಣಿಸಿಕೊಂಡರೆ ನಮ್ಮ ಹೆಂಗಸರು ತಮ್ಮ ತವರಿನವರನ್ನೇ ಕಂಡಂತೆ ಸಂತೋಷಪಡುತ್ತಿದ್ದರು. ಒಟ್ಟಿನಲ್ಲಿ ೩೫೦ಕ್ಕೂ ಹೆಚ್ಚು ಚಿತ್ರಗಳು. ೧೯೯೦ರ ‘ಮುತ್ತಿನಹಾರ’ದ ಕೊಡವ ತಂದೆಯವರೆಗೂ ಆ ಮುಖವನ್ನು ನೋಡಿ ನಾವು ಬೇಸರಗೊಳ್ಳಲಿಲ್ಲ. ಇವರ ಹೆಸರಿನಲ್ಲಿಯೇ ಇದಕ್ಕೆ ಒಂದು ಸಮಾಧಾನವಿದೆಯೇನೋ. ಹೂವಿನಿಂದ ಹಣ್ಣಾಗುವ ಮರವನ್ನು ವಾನಸ್ಪತ್ಯವೆಂದೂ, ಹೂವು ಕಾಣದೆಯೇ ಹಣ್ಣು ಬಿಡುವ ಮರವನ್ನು ವನಸ್ಪತಿಯೆಂದೂ ಅಮರಸಿಂಹನು ಬೇರ್ಪಡಿಸಿದ್ದಾನೆ. ಅಶ್ವತ್ಥವು ವನಸ್ಪತಿ. ಅದರ ಹೂವನ್ನು ಮುಡಿದವರಿಲ್ಲ. ಅದರ ನೆರಳಿನಲ್ಲಿ ಕುಳಿತವರು ಊರಿಗೆ ಊರೇ ಇದ್ದಾರೆ.

ಇನ್ನು ನನ್ನ ವೃತ್ತಿಗೆ ಸಂಬಂಧಪಟ್ಟ ಮಾತು. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರು ತ. ರಾ. ಸುಬ್ಬರಾಯರ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ‘ನಾಗರಹಾವು’ ಚಿತ್ರವನ್ನು ತೆಗೆದರು. ಚಿತ್ರದುರ್ಗದ ಕೋಟೆಯೇ ಅದರ ರಂಗಸ್ಥಳ. ಹುಂಬ ಹುಡುಗ ರಾಮಾಚಾರಿಯಾಗಿ ವಿಷ್ಣುವರ್ಧನರೆಂಬ ಹೊಸ ನಟರು ಬಂದರು. ಅವನನ್ನು ಹೆತ್ತವರಿಗಿಂತ ಹೆಚ್ಚಾಗಿ ಅರಿತ ಚಾಮಯ್ಯ ಮೇಷ್ಟರಾಗಿ ಅಶ್ವತ್ಥರು, ಮೇಷ್ಟರ ಹೆಂಡತಿ ತುಂಗಮ್ಮನಾಗಿ ಲೀಲಾವತಿಯವರು. ಆ ವರ್ಷ ಅಶ್ವತ್ಥರಿಗೆ ರಾಜ್ಯದ ಶ್ರೇಷ್ಠ ಪೋಷಕನಟನೆಂಬ ಪ್ರಶಸ್ತಿಯೂ ಬಂದಿತು. ಚಿತ್ರವು ಪಟ್ಟಣಗಳನ್ನೆಲ್ಲ ಸುತ್ತಿ ನಮ್ಮ ಕಡೆಯ ಟೆಂಟಿಗೆ ಬರುವಷ್ಟರಲ್ಲಿ ನಾನು ಶಬ್ದರೂಪಗಳನ್ನು ಕಂಠಪಾಠ ಮಾಡುವ ಹುಡುಗನಾಗಿದ್ದೆನು. ಆಗ ನನಗೆ ರುಚಿಸಿದ್ದು ಕೋಟೆ, ಓಬವ್ವನ ಒನಕೆ, ರಾಮಾಚಾರಿಯ ಜಗಳ, ಇಷ್ಟೇ. ಮೇಷ್ಟರನ್ನು ನಾನು ಸರಿಯಾಗಿ ನೋಡಿದ್ದು ನಾನೇ ಮೇಷ್ಟರಾದ ಮೇಲೆ.

ಕಥೆಯು ಬಹುಮಂದಿಗೆ ತಿಳಿದದ್ದೇ. ಊರೆಲ್ಲ ಪುಂಡನೆಂದು ಹಳಿಯುವ ಹುಡುಗನಲ್ಲಿ ಮೇಷ್ಟರೊಬ್ಬರು ಮಾತ್ರ ಒಳ್ಳೆಯದನ್ನು ಕಾಣುತ್ತಾರೆ. ಅವನೂ ಯಾರಿಗೂ ಬಗ್ಗದ ತಲೆಯನ್ನು ಅವರೊಬ್ಬರಿಗೆ ಬಗ್ಗಿಸುತ್ತಾನೆ. ಅವನು ಅಲಮೇಲುವನ್ನು ಪ್ರೀತಿಸಿದಾಗ, ಕುಲಾಚಾರಗಳ ಕಾರಣದಿಂದ ಅವಳನ್ನು ಬಿಟ್ಟುಕೊಡುವಂತೆ ಮೇಷ್ಟರು ಕೇಳುತ್ತಾರೆ. ಗುರುವಿನ ಮಾತೆಂದು ಅವನು ಬಿಟ್ಟುಕೊಡುತ್ತಾನೆ. ಅವಳು ಮದುವೆಯಾಗಿ ಹೋದ ಕಡೆಯಲ್ಲಿ ನಾಶವಾಗುತ್ತಾಳೆ. ಅದನ್ನು ಅವನು ತನ್ನ ಕಣ್ಣಿನಿಂದಲೇ ಕಾಣುತ್ತಾನೆ. ಮತ್ತೆ ಅವನು ಮಾರ್ಗರೆಟ್ಟೆಂಬ ಕ್ರೈಸ್ತ ಹುಡುಗಿಯನ್ನು ನೆಚ್ಚಿಕೊಂಡಾಗ ಮೇಷ್ಟರು ಮತ್ತೆ ಅದೇ ಮಾತನ್ನು ಹಿಡಿದುಕೊಂಡು ಬೆಟ್ಟ ಹತ್ತುತ್ತಾರೆ. ಅಲ್ಲಿ ಶಿಷ್ಯನ ಕೈಯಿಂದಲೇ, ಅವನು ಬಯಸದೆಯೇ, ಗುರುವು ಪ್ರಪಾತಕ್ಕೆ ಬೀಳುತ್ತಾರೆ. ಆ ಪ್ರೇಮಿಗಳೂ ಅದೇ ದಾರಿ ಹಿಡಿಯುತ್ತಾರೆ.

ಈ ಪಾತ್ರದಲ್ಲಿ ಎರಡು ಸುಲಭವಾದ ದಾರಿಗಳಿದ್ದುವು. ಮೇಷ್ಟರನ್ನು ದೇವರನ್ನಾಗಿ ಮಾಡಿಬಿಡಬಹುದಾಗಿದ್ದಿತು; ಇಲ್ಲವೆ ಹುಡುಗನ ಬಾಳನ್ನು ಕೆಡಿಸಿದ ಹಳೆಯ ಕಾಲದ ಹಠಮಾರಿಯನ್ನಾಗಿ ಮಾಡಬಹುದಾಗಿದ್ದಿತು. ಅಶ್ವತ್ಥರು ಎರಡನ್ನೂ ಮಾಡಲಿಲ್ಲ. ಅಲಮೇಲುವನ್ನು ಬಿಡು ಎಂದು ಕೇಳುವಾಗ ಆ ಮುಖದಲ್ಲಿ ಅಧಿಕಾರವಿಲ್ಲ, ಯಾಚನೆಯಿದೆ. ಗುರುವಿನ ಆಜ್ಞೆಯನ್ನಾದರೂ ಒಬ್ಬ ಹುಡುಗನು ಮೀರಬಹುದು. ಗುರುವಿನ ಯಾಚನೆಯನ್ನು ಮೀರುವುದು ಹೇಗೆ? ಪ್ರೀತಿಯು ಹೇಗೆ ಬಲಾತ್ಕಾರವಾಗುತ್ತದೆಂಬುದನ್ನು ಒಂದು ಕಟುವಾದ ಮಾತೂ ಇಲ್ಲದೆ ಅಲ್ಲಿ ತೋರಿಸಿದ್ದಾರೆ. ಮೇಷ್ಟರು ಕೆಟ್ಟವರಲ್ಲ, ಶಿಷ್ಯನಿಗಾಗಿ ಪ್ರಾಣವನ್ನಾದರೂ ಕೊಡುವವರು. ಅವರು ಕೊಡಲಾರದ್ದು ಒಂದೇ: ತನ್ನ ಬಾಳಿನ ತೀರ್ಮಾನವನ್ನು ತಾನೇ ಮಾಡಿಕೊಳ್ಳುವ ಸ್ವಾತಂತ್ರ್ಯ. ಇದನ್ನು ಅರಿತ ಮೇಲೆ ಆ ಚಿತ್ರವು ನನಗೆ ಪ್ರೇಮಕಥೆಯಾಗಿ ಉಳಿಯಲಿಲ್ಲ; ಉಪಾಧ್ಯಾಯರು ಓದಬೇಕಾದ ಒಂದು ಗ್ರಂಥವಾಯಿತು.

ಆದರೆ ಜನರು ಅದನ್ನು ಹೀಗೆ ತೆಗೆದುಕೊಳ್ಳಲಿಲ್ಲ. ನಮ್ಮ ನಾಡಿನಲ್ಲಿ ಒಳ್ಳೆಯ ಉಪಾಧ್ಯಾಯನಿಗೆಲ್ಲ ಚಾಮಯ್ಯ ಮೇಷ್ಟ್ರೆಂಬ ಹೆಸರು ಬಿದ್ದಿತು. ಕಚ್ಚೆಪಂಚೆಯುಟ್ಟು ಕೊಡೆ ಹಿಡಿದು ನಡೆಯುತ್ತಿದ್ದ ನನಗೂ ಬಂದಿತು. ಹುಡುಗರು ಹಿಂದಿನಿಂದ ಕೂಗುತ್ತಿದ್ದರು. ಅವರ ತಂದೆಗಳು ಮುಂದೆಯೇ ನಿಂತು ಗೌರವದಿಂದ ಹೇಳುತ್ತಿದ್ದರು. ಆ ಹೆಸರಿನ ಭಾರವು ನನಗೆ ತಿಳಿದದ್ದು ಈಗ್ಗೆ ಸುಮಾರು ಹದಿನೈದು ವರ್ಷಗಳ ಹಿಂದೆ.

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಒಂದು ಹಳ್ಳಿಯ ರೈತನು ಒಂದು ದಿನ ಬೆಳಗಿನ ಮೊದಲನೆಯ ಬಸ್ಸಿಗೆ ನಮ್ಮ ಮನೆಗೆ ಬಂದನು. ಒಂದು ಬಾಳೆಗೊನೆ, ಒಂದು ಚೀಲ ಅರಿಸಿನದ ಕೊಂಬು ತಂದಿದ್ದನು. ಅವನ ಮಗನು ನನ್ನ ಶಿಷ್ಯ, ಸಂಸ್ಕೃತದಲ್ಲಿ ಬುದ್ಧಿವಂತ. ಓದು ಮುಗಿಸಿ ನಂಜನಗೂಡಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದನು. ಅಲ್ಲಿ ಜತೆಗೆ ಕೆಲಸ ಮಾಡುವ, ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಬೇಕೆಂದು ನಿಶ್ಚಯಿಸಿದ್ದನು. ತಂದೆಯು ಅತ್ತನು. ಊರಿನಲ್ಲಿ ತಲೆಯೆತ್ತಿ ತಿರುಗುವಂತಿಲ್ಲವೆಂದನು. ಕೊನೆಗೆ, “ನೀವು ಅವನಿಗೆ ಚಾಮಯ್ಯ ಮೇಷ್ಟ್ರಿದ್ದ ಹಾಗೆ. ನನ್ನ ಮಾತು ಮೀರ್ತಾನೆ, ನಿಮ್ಮ ಮಾತು ಮೀರಲ್ಲ. ಒಂದು ಮಾತು ಹೇಳಿಬಿಡಿ” ಎಂದನು.

ಅವನ ಮಾತು ನಿಜವೆಂಬುದು ನನಗೆ ಗೊತ್ತಿದ್ದಿತು. ನಾನು ಹೇಳಿದ್ದರೆ ಆ ಹುಡುಗನು ಬಿಟ್ಟುಬಿಡುತ್ತಿದ್ದನು. “ಮೀರುವುದಿಲ್ಲವಾದ್ದರಿಂದಲೇ ನಾನು ಹೇಳಲಾರೆ” ಎಂದೆನು. ಅವನಿಗೆ ಅರ್ಥವಾಗಲಿಲ್ಲ. ಆ ಚಿತ್ರದಲ್ಲಿ ಮೇಷ್ಟರು ಹೇಳಿದ ಮೇಲೆ ಏನಾಯಿತೆಂದು ನೆನಪು ಮಾಡಿಕೊಟ್ಟೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಸಿನಿಮಾ, ಸ್ವಾಮಿ. ನನ್ನದು ಮನೆ” ಎಂದನು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಫಿ ಆರಿಹೋಗಿದ್ದಿತು. ಬಾಳೆಗೊನೆಯನ್ನು ಜಗಲಿಯ ಮೇಲೆಯೇ ಬಿಟ್ಟು ಹೊರಟುಹೋದನು.

ಹುಡುಗನು ಮುಂದಿನ ಭಾನುವಾರ ತಾನಾಗಿಯೇ ಬಂದನು. ತಂದೆ ಬಂದುಹೋದದ್ದು ಅವನಿಗೆ ತಿಳಿದಿದ್ದಿತು. ನಾನು ಅವನಿಗೆ ಆಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿದೆನು. ತಾಯಿಗೆ ನೀನೇ ಎದುರು ಕುಳಿತು ಹೇಳಿದ್ದೀಯಾ? ಆ ಹುಡುಗಿಯ ಮನೆಯವರು ಅವಳನ್ನು ಕೈಬಿಟ್ಟರೆ ಅವಳಿಗೆ ಯಾರಿದ್ದಾರೆ? ನಾಳೆ ಕಷ್ಟ ಬಂದಾಗ ಇದು ಮತ್ತೊಬ್ಬರು ಮಾಡಿದ ತೀರ್ಮಾನವೆಂದು ಹೇಳದೆ ಇರಬಲ್ಲೆಯಾ? ಅವನು ಮೂರಕ್ಕೂ ಉತ್ತರ ಹೇಳದೆ ನಮಸ್ಕಾರ ಮಾಡಿ ಹೋದನು. ನಾಲ್ಕು ತಿಂಗಳ ಮೇಲೆ ನೋಂದಣಿ ಕಚೇರಿಯಲ್ಲಿ ಅವರ ಮದುವೆಯಾಯಿತೆಂದು ಕೇಳಿದೆನು. ಈಗ ಅವರಿಗೆ ಒಬ್ಬಳು ಮಗಳಿದ್ದಾಳೆ. ತಾಯಿಯು ಆಗಾಗ ಹೋಗಿ ಬರುತ್ತಾಳಂತೆ. ತಂದೆ ಮಾತ್ರ ಇಂದಿಗೂ ಗುಂಡ್ಲುಪೇಟೆಯ ಸಂತೆಯಲ್ಲಿ ನನ್ನನ್ನು ಕಂಡರೆ ದಾರಿ ಬದಲಾಯಿಸುತ್ತಾನೆ. ಅವನ ಸ್ನೇಹವು ಹೋದುದು ನನಗೆ ಸಣ್ಣ ನಷ್ಟವಲ್ಲ. ಆ ಮನೆಯ ಜಗಲಿಯಲ್ಲಿ ನಾನು ಎಷ್ಟೋ ಸಲ ಊಟ ಮಾಡಿದ್ದೇನೆ.

ಉಪಾಧ್ಯಾಯನ ವೃತ್ತಿಯೂ ಪೋಷಕನಟನ ವೃತ್ತಿಯೂ ಒಂದೇ ಜಾತಿಯವು ಎಂದು ನಾನು ತಿಳಿದಿದ್ದೇನೆ. ಯಾವ ಶಿಷ್ಯನ ಬಾಳಿನಲ್ಲಿಯೂ ಉಪಾಧ್ಯಾಯನು ನಾಯಕನಲ್ಲ. ಒಂದೆರಡು ಅಂಕಗಳಲ್ಲಿ ಬಂದು ಹೋಗತಕ್ಕವನು. ಬಂದಷ್ಟು ಹೊತ್ತು ಗಟ್ಟಿಯಾಗಿ ನಿಲ್ಲಬೇಕು. ಹೋಗುವಾಗ ರಂಗವನ್ನು ನಾಯಕನಿಗೆ ಬಿಟ್ಟುಕೊಟ್ಟು ಹೋಗಬೇಕು. ಕಣ್ವನು ಮಾಡಿದ್ದು ಇದನ್ನೇ. ತಾನು ಊರಿನಲ್ಲಿಲ್ಲದಾಗ ಮಗಳು ಮಾಡಿಕೊಂಡ ತೀರ್ಮಾನವನ್ನು ತಿಳಿದು ಅವನು ಶಪಿಸಲಿಲ್ಲ. ಒಪ್ಪಿ, ಹರಸಿ, ಕಳುಹಿಸಿಕೊಟ್ಟನು. ಚಾಮಯ್ಯ ಮೇಷ್ಟರಿಗೆ ಸಾಧ್ಯವಾಗದೆ ಹೋದದ್ದು ಇದೇ. ಈ ಇಬ್ಬರ ನಡುವಣ ಅಂತರವನ್ನು ನನಗೆ ಅಲಂಕಾರಶಾಸ್ತ್ರವು ಕಲಿಸಲಿಲ್ಲ; ಅಶ್ವತ್ಥರ ಮುಖವು ಕಲಿಸಿತು. ಪಾತ್ರದ ದೋಷವನ್ನು ಮುಚ್ಚದೆ, ಪಾತ್ರದ ಮೇಲಿನ ನಮ್ಮ ಗೌರವವನ್ನೂ ಕೆಡಿಸದೆ ಅಭಿನಯಿಸುವುದು ಎಲ್ಲ ನಟರಿಗೂ ಬರುವ ವಿದ್ಯೆಯಲ್ಲ.

ವಿಷ್ಣುವರ್ಧನರು ೨೦೦೯ನೆಯ ಡಿಸೆಂಬರ್ ೩೦ರಂದು ಮೈಸೂರಿನಲ್ಲಿ ತೀರಿಕೊಂಡರು. ಅಶ್ವತ್ಥರು ಅದೇ ಮೈಸೂರಿನಲ್ಲಿ ೨೦೧೦ನೆಯ ಜನವರಿ ೧೮ರಂದು, ಅಂದರೆ ಹತ್ತೊಂಬತ್ತು ದಿನಗಳ ಮೇಲೆ, ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಾಲವಾದರು. ಚಿತ್ರದಲ್ಲಿ ಗುರುವು ಮುಂದೆ ಹೋದನು, ಶಿಷ್ಯನು ಹಿಂಬಾಲಿಸಿದನು. ಬಾಳಿನಲ್ಲಿ ಶಿಷ್ಯನೇ ಮುಂದೆ ಹೋದನು. ನಮ್ಮ ಊರಿನ ಅಂಗಡಿಬೀದಿಯಲ್ಲಿ ಆಗ ಜನರು ರಾಮಾಚಾರಿಯನ್ನು ಹುಡುಕಿಕೊಂಡು ಮೇಷ್ಟ್ರೂ ಹೋದರೆಂದು ಹೇಳಿಕೊಂಡರು. ದೊಡ್ಡ ನಾಯಕನಟರು ತೀರಿಕೊಂಡಾಗ ನಾಡಿನಲ್ಲಿ ಆಗುವ ಗಲಾಟೆಯು ಇವರಿಗಾಗಿ ಆಗಲಿಲ್ಲ. ಅಂಗಡಿಗಳು ತೆರೆದೇ ಇದ್ದುವು. ಮನೆಯ ಹಿರಿಯರು ಹೋದಾಗ ಒಳಮನೆಯಲ್ಲಿ ಇರುವಂಥ ಒಂದು ಮೌನವಿದ್ದಿತು.

೨೦೧೮ರಲ್ಲಿ ‘ನಾಗರಹಾವು’ ಚಿತ್ರವನ್ನು ಹೊಸ ತಂತ್ರಜ್ಞಾನದಿಂದ ಸರಿಪಡಿಸಿ ಮತ್ತೆ ತೆರೆಗೆ ತಂದರು. ಪುಟ್ಟಸ್ವಾಮಯ್ಯನವರ ಗರ್ಜನೆಗೆ ದೊರೆಯದ ಭಾಗ್ಯವು ಅಶ್ವತ್ಥರ ಪಿಸುಮಾತಿಗೆ ಹೀಗೆ ದೊರೆತಿದೆ. ಈಗಿನ ತರುಣ ಉಪಾಧ್ಯಾಯರಿಗೆ ಅದನ್ನು ಒಮ್ಮೆ ನೋಡಿರೆಂದು ನಾನು ಹೇಳುವುದುಂಟು. ರಾಮಾಚಾರಿಯ ಸಾಹಸಗಳ ಮೇಲೆ ಕಣ್ಣಿಡುವುದು ಬೇಡ; ಅಲಮೇಲುವನ್ನು ಬಿಡೆಂದು ಮೇಷ್ಟರು ಕೇಳುವ ಸಂದರ್ಭದಲ್ಲಿ, ಶಿಷ್ಯನು ಒಪ್ಪಿಕೊಂಡ ಮರುಕ್ಷಣ, ಆ ಮುಖದ ಮೇಲೆ ಏನು ಸುಳಿಯುತ್ತದೆಂಬುದನ್ನು ಗಮನಿಸಲಿ. ಗೆದ್ದವನ ಸಂತೋಷವೇ ಅದು, ಅಥವಾ ಬೇರೆ ಏನಾದರೂ ಉಂಟೆ? ಉತ್ತರವನ್ನು ಅವರವರೇ ಕಂಡುಕೊಳ್ಳಲಿ.